ಗೌರಿ ಪರೀಕ್ಷೆಗೆ ನಾನು ಉತ್ತರ ಹೇಳಿದ್ದು

ಚಿನ್ನ, ಸೀರೆ, ಸೈಟು ನೋಡಿ ಹೊಟ್ಟೆ ಉರ್ಕೊಂಡೋರನ್ನ ನೀವು ಬೇಕಾದಷ್ಟು ನೋಡಿರ್ತೀರ. ನಾನು ಹೊಟ್ಟೆ ಉರ್ಕೊಂಡಿದ್ದು ನನ್ನ ತಂಗಿಗೆ ಓದಕ್ಕೆ ಬರಲ್ಲ ಅಂತ. ಬೈಯೋರು ಪೂರ್ತಿ ಓದಿ ಆಮೇಲೆ ಕಾಮೆಂಟ್ ಹಾಕಿ.

ಎಪ್ಪತ್ತರ ದಶಕದ ಕೊನೆ. ನಮ್ಮನೆ ಕಿರುಗಾವಲಲ್ಲಿ. ನಾನು ಐದನೇ ಕ್ಲಾಸು, ಪ್ರತಿ ವರ್ಷ ಫಸ್ಟು. ತಂಗಿ ಗೌರಿ ಎರಡನೇ ಕ್ಲಾಸಲ್ಲೇ ಎರಡು ಸಲ ಡುಮ್ಕಿ. ಬಾಯಿಲೆಕ್ಕ ಕೇಳಿದ್ರೆ ಪಟ್ ಅಂತ ಹೇಳೋಳು, ಪುಸ್ತಕ ಕೊಟ್ರೆ ಗುರುತಿಲ್ಲದ ನೆಂಟರ ಮುಂದೆ ನಿಂತಂಗೆ ನಿಲ್ಲೋಳು. "ಇಸ್ಕೂಲು ಬುಡಿಸ್ಬುಡು ಕಣ್ಲಾ, ಮನೇಲಿರ್ಲಿ" ಅಂತ ಅಜ್ಜಿ ಅಪ್ಪನಿಗೆ ಹೇಳಿ ಹೇಳಿ, ಅಪ್ಪನೂ ಮುಕ್ಕಾಲು ಒಪ್ಪಿದ್ರು. ತಡೆದೋರು ಹೆಡ್ಮಾಸ್ಟ್ರು. "ಗೌಡ್ರೇ, ಮೈಸೂರಿಂದ ಒಬ್ಬ ಡಾಕ್ಟ್ರಮ್ಮ ಮಂಡ್ಯಕ್ಕೆ ಬರ್ತಾರಂತೆ. ಮಕ್ಕಳಿಗೆ ಓದು ಯಾಕೆ ಹತ್ತಲ್ಲ ಅಂತ ಪರೀಕ್ಷೆ ಮಾಡ್ತಾರೆ. ಅವರ ಕಾಗದ ತನ್ನಿ, ಇನ್ನೊಂದು ವರ್ಷ ಕೂರಿಸ್ಕೋತೀನಿ. ಇಲ್ಲಾಂದ್ರೆ ನನ್ನ ಕೈಲಾಗಲ್ಲ" ಅಂದ್ರು.

ಅಲ್ಲಿಂದ ಶುರು ನನ್ನ ಉರಿ. ಗೌರಿಗೆ ಹೊಸ ಫ್ರಾಕು. ಗೌರಿಗೆ ಬಸ್ಸಲ್ಲಿ ಕಿಟಕಿ ಸೀಟು. ಗೌರಿಗೆ ಮಂಡ್ಯದ ಹೋಟ್ಲಲ್ಲಿ ಮಸಾಲೆ ದೋಸೆ ಬೇರೆ ಕೊಡಿಸ್ತಾರಂತೆ. ಇಷ್ಟು ವರ್ಷ ಫಸ್ಟ್ ಬಂದ ನಂಗೆ ಒಂದು ಚೂರು ಬೆಲ್ಲ ಕೊಟ್ಟೋರಿಲ್ಲ. ದಡ್ಡಿಯಾದ್ರೇ ಲಾಭ ಅಂತ ನಾನೂ ಏಳೆಂಟ್ಲ ಐವತ್ನಾಲ್ಕು ಅಂದು ನೋಡಿದೆ. ಅವ್ವ ಡಾಕ್ಟ್ರ ಹತ್ರ ಕಳಿಸ್ಲಿಲ್ಲ, ಸೌಟಲ್ಲೇ ವಾಸಿ ಮಾಡಿದ್ಲು. ಕೊನೆಗೆ ಬಸ್ ಸ್ಟಾಂಡಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದ ಮೇಲೆ ಅಪ್ಪ, "ಅತ್ತು ಮೂದೇವಿ, ನೀನೂ ಅತ್ತು" ಅಂದ್ರು. ಅಳು ಅಂತ ಅಲ್ಲ, ಬಸ್ ಹತ್ತು ಅಂತ.

ಪರೀಕ್ಷೆ ಅಂದ್ರೆ ಬೆತ್ತ ಇರುತ್ತೆ ಅಂದ್ಕೊಂಡಿದ್ದೆ. ಅಲ್ಲಿ ನೋಡಿದ್ರೆ ಬಣ್ಣದ ಮರದ ತುಂಡು, ಚಿತ್ರದ ಕಾರ್ಡು. ಆಟ ಕಣ್ರೀ, ಬರೀ ಆಟ. ಡಾಕ್ಟ್ರಮ್ಮ ಒಂದು ಕಾರ್ಡ್ ತೋರಿಸಿದ್ರು. ಗೌರಿ "ಆಲು" ಅಂದ್ಲು. ಇನ್ನೊಂದಕ್ಕೆ "ಆವು" ಅಂದ್ಲು. ಡಾಕ್ಟ್ರಮ್ಮ ಏನೋ ಬರ್ಕೊಂಡು, "ಮಗುವಿಗೆ ಹಕಾರ ಬರಲ್ವಾ?" ಅಂದ್ರು.

"ಅದು ಇವಳೊಬ್ಬಳ್ದಲ್ಲ ಕಣ್ರಮ್ಮ, ನಮ್ ಇಡೀ ಓಬಳಿಗೇ ಬರಾಕಿಲ್ಲ" ಅಂದ್ರು ಅಪ್ಪ.

ಡಾಕ್ಟ್ರಮ್ಮ ನಕ್ಕು, ಬರೆದಿದ್ದನ್ನ ಹೊಡೆದು ಹಾಕಿ, ಗೌರಿ ಕೆನ್ನೆ ಸವರಿದ್ರು. ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ. "ಮಿಸ್, ನಂಗೆ ಹ ಬರುತ್ತೆ" ಅಂತ ಎದ್ದು ನಿಂತೆ. ಮುಂದಿನ ಕಾರ್ಡಲ್ಲಿ ಮೊರದ ತುಂಬ ಅಕ್ಕಿ. ಗೌರಿ ಬಾಯಿ ಬಿಡೋಕ್ ಮುಂಚೆ "ಹಕ್ಕಿ" ಅಂದೆ. ಅದರ ಮುಂದಿನದಕ್ಕೆ "ಹೆಮ್ಮೆ" ಅಂದೆ. ಚಿತ್ರದಲ್ಲಿದ್ದ ಎಮ್ಮೆ ನನ್ನನ್ನೇ ನೋಡ್ತಿತ್ತು.

"ಇವಳ್ಯಾರು?"

"ದೊಡ್ಡೋಳು. ಫಸ್ಟ್ ಬತ್ತಾಳೆ" ಅಂದ್ರು ಅಪ್ಪ, ಯಾಕೋ ಸ್ವಲ್ಪ ಮೆತ್ತಗೆ.

"ಮನೇಲೂ ತಂಗಿ ಉತ್ತರ ನೀನೇ ಹೇಳ್ತೀಯೇನಮ್ಮ?"

"ಯಾವಾಗ್ಲೂ ಮಿಸ್" ಅಂದೆ, ಎದೆ ಉಬ್ಬಿಸಿ.

ನನ್ನನ್ನ ಆಚೆ ಬೆಂಚ್ ಮೇಲೆ ಕೂರಿಸಿದ್ರು. ಕಿಟಕಿಯಿಂದ ನೋಡ್ತಾನೇ ಇದ್ದೆ. ಗೌರಿ ಒಂದೊಂದಕ್ಷರದ ಮೇಲೂ ಬೆರಳಿಟ್ಟು ಒಂದೇ ಒಂದು ಸಾಲು ಓದ್ತಿದ್ಲು. ಆಯಮ್ಮ ಕೆನ್ನೆಗೆ ಕೈ ಕೊಟ್ಕೊಂಡು ಸುಮ್ನೆ ಕಾಯ್ತಿದ್ರು. ಸಾಲು ಮುಗೀತು. ಅಲ್ಲೀವರೆಗೆ ಅವಳಿಗೋಸ್ಕರ ಅಷ್ಟು ಹೊತ್ತು ಯಾರೂ ಕಾದಿರ್ಲಿಲ್ಲ. ಅದಕ್ಕೂ ಹೊಟ್ಟೆ ಉರೀತು ನಂಗೆ. ನನಗೋಸ್ಕರ ಯಾರೂ ಕಾಯೋ ಅಗತ್ಯವೇ ಬಿದ್ದಿರ್ಲಿಲ್ಲವಲ್ಲ.

ಕಾಗದ ಬಂತು. ಹೆಡ್ಮಾಸ್ಟ್ರು ಓದಿ ಹೇಳಿದ್ರು: ಬುದ್ಧಿ ಚೆನ್ನಾಗಿದೆ, ಅಕ್ಷರ ಮಾತ್ರ ಕಲಸಿಹೋಗ್ತವೆ, ಪ್ರಶ್ನೆ ಬಾಯಲ್ಲಿ ಕೇಳಿ, ಟೈಮ್ ಕೊಡಿ, ಸ್ಕೂಲು ಬಿಡಿಸ್ಬೇಡಿ. ಅಪ್ಪ ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸ್ಕೊಂಡ್ರು. ಕೊನೇ ಸಾಲು ನನ್ನದು: ಓದುವಾಗ ಅಕ್ಕನನ್ನು ಪಕ್ಕದಲ್ಲಿ ಕೂರಿಸಬೇಡಿ. ನಾಚಿಕೆ ಆಗ್ಬೇಕಿತ್ತು, ಆಗ್ಲಿಲ್ಲ. ಮೈಸೂರು ಡಾಕ್ಟ್ರು ನನ್ನ ಬಗ್ಗೆನೂ ಬರೆದವ್ರೆ ಅಂತ ಎರಡು ದಿನ ಸ್ಕೂಲೆಲ್ಲ ಹೇಳ್ಕೊಂಡು ತಿರುಗಿದೆ.

ಮೂರನೇ ದಿನ ಗೌರಿ ಆ ಕಾಗದ ತೊಡೆ ಮೇಲಿಟ್ಕೊಂಡು ತಾನೇ ಓದಕ್ಕೆ ಕೂತ್ಲು. ಕೊನೇ ಸಾಲಿಗೆ ಬಂದ್ಲು. "ಅ... ಕ್ಕ... ನ..." ಅಂತ ನಿಂತ್ಲು. ಹೇಳ್ಕೊಡೋಣ ಅಂತ ಬಾಯಿ ತೆಗೆದೆ.

"ಆಚೆಗೋಗಕ್ಕ, ನಾನೇ ಓದ್ತೀನಿ" ಅಂದ್ಲು.

ಹೋದೆ. ಬಾಗಿಲ ಹಿಂದೆ ನಿಂತು, ಮನಸ್ಸಲ್ಲೇ ಅವಳಿಗಿಂತ ಮುಂಚೆ ಸಾಲು ಮುಗಿಸಿದೆ.