ಸೋಮವಾರ ಉಪವಾಸದ ಹುಲಿ

ಹುಲಿ ಹಸಿದರೂ ಹುಲ್ಲು ತಿನ್ನುವುದಿಲ್ಲವಂತೆ. ನಮ್ಮ ಸೋದರಮಾವನ ಹುಲಿಯೋ, ಹಸಿದರೂ ಕುರಿಯನ್ನೇ ತಿನ್ನುತ್ತಿರಲಿಲ್ಲ!

ಗಾಬರಿಯಾಗಬೇಡಿ, ಅದು ಹುಣಸೆಬೀಜದ ಹುಲಿ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ಮಾವ, ಸಂಜೆ ಮಗ್ಗದಿಂದ ಎದ್ದೊಡನೆ ಜಗಲಿಯಲ್ಲಿ ಹುಲಿ-ಕುರಿ ಆಟಕ್ಕೆ ಕೂರುತ್ತಿದ್ದ. ಆಟ ಸುಲಭ. ಹುಲಿ ಪಕ್ಕದ ಕುರಿಯನ್ನು ಹಾರಿದರೆ ಕುರಿ ಸತ್ತಂತೆ. ಕುರಿಗಳು ಸುತ್ತುವರಿದರೆ ಹುಲಿ ಕಟ್ಟಿಬಿದ್ದಂತೆ. ಎರಡು ಹುಲಿಗಳಲ್ಲಿ ಒಂದು ಮಾವನದು, ಒಂದು ನನ್ನದು; ಕುರಿಗಳೆಲ್ಲ ಎದುರಾಳಿಯವು. ನನ್ನ ಗ್ರಹಚಾರ ನೋಡಿ, ಮಾವನ ಹುಲಿಗೆ ಧರ್ಮವಿತ್ತು!

"ಮಾವ, ಎದ್ರುಗೇ ಕುರಿ ಅದೆ, ತಿನ್ನು!"

"ಸುಮ್ಕಿರ್ಲಾ! ಇದು ಮಾದಪ್ಪ ಕೂರೋ ಹುಲಿ. ಸೋಮಾರ ಮಾಂಸ ತಿಂದದಾ?"

ಸುದ್ದಿ ಹನೂರಿನವರೆಗೂ ಹಬ್ಬಿತು. ಅಲ್ಲಿನ ಆಟಗಾರರೆಲ್ಲ ಸೋಮವಾರವೇ ಬಸ್ಸು ಹತ್ತಿ ಬಂದು, ನಮ್ಮನ್ನು ಸೋಲಿಸಿ, ನಮ್ಮತ್ತೆ ಕೊಟ್ಟ ಕಾಫಿಯನ್ನೂ ಕುಡಿದು ಹೋಗುತ್ತಿದ್ದರು.

ಉಳಿದ ದಿನವಾದರೂ ತಿನ್ನುತ್ತಿತ್ತೆ? ಮೊದಲು ಎದುರಾಳಿಯ ಹತ್ತಿರ ಕುರಿಯ ಜಾತಕ ವಿಚಾರಿಸಬೇಕು! ಗಬ್ಬದ ಕುರಿ ಮುಟ್ಟಬಾರದು, ತಬ್ಬಲಿ ಮುಟ್ಟಬಾರದು. ಒಮ್ಮೆ ನನ್ನ ಹುಲಿ ಗಬ್ಬದ ಕುರಿಯೊಂದನ್ನು ನುಂಗಿಬಿಟ್ಟಿತು. "ಪಾಪಿ!" ಎಂದ ಮಾವ, ತನ್ನ ಹುಲಿಯನ್ನೇ ತಂದು ನನ್ನ ಹುಲಿಯ ದಾರಿಗೆ ಅಡ್ಡ ನಿಲ್ಲಿಸಿದ.

"ನಾವಿಬ್ರೂ ಒಂದೇ ಕಡೇವ್ರಲ್ವಾ ಮಾವ?"

"ಕಡೆ ಒಂದೇಯ. ನಡತೆ ಬ್ಯಾರೆ."

ಇಂಥವನನ್ನು ಮುಂದಿಟ್ಟುಕೊಂಡು ಅಗರಕ್ಕೆ ನನಗೆ ಹೆಣ್ಣು ಕೇಳಲು ಹೋದೆವು. ಕೊಳ್ಳೇಗಾಲ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು; ಅಗರ ಮೊದಲಿಂದಲೂ ಮೈಸೂರಿನದೇ. ತಾಯಿಯಿಲ್ಲದ ಹುಡುಗಿಯನ್ನು ಅಜ್ಜಿಯೇ ಸಾಕಿದ್ದಳು. ಹುಡುಗಿಯನ್ನು ನೋಡಿದ್ದೇ ನಾನು ಕೈಯಲ್ಲಿದ್ದ ಉಪ್ಪಿಟ್ಟನ್ನು ಮರೆತೆ. ಇವಳಲ್ಲದೆ ಬೇರೆಯವಳು ಬೇಡವೆಂದು ಮನಸ್ಸು ಹೇಳಿಬಿಟ್ಟಿತು. ಅಜ್ಜಿ ಮಾತ್ರ ಒಪ್ಪಲೊಲ್ಲಳು.

"ಮೊನ್ನೆಗಂಟ ಮದ್ರಾಸ್ನೋರು ನೀವು. ಗುಣ ಎಂಗೋ ಏನೋ, ಕೂಸ ಕೊಡಕಿಲ್ಲ."

ಅಷ್ಟರಲ್ಲಿ ಮಾವನ ಕಣ್ಣು ಜಗಲಿಕಲ್ಲಿನಲ್ಲಿ ಕೊರೆದಿದ್ದ ಆಟದ ಮನೆಗಳ ಮೇಲೆ ಬಿತ್ತು.

"ಒಂದಾಟ ಆಡವಾ ಅವ್ವಾ. ನಾವು ಗೆದ್ರೆ ಒಪ್ಕಬೇಕು."

"ಸೋತ್ರೆ?"

"ಎದ್ದೋಯ್ತೀವಿ."

ನನ್ನ ಜೀವ ಬಾಯಿಗೆ ಬಂತು! ಪುಣ್ಯಕ್ಕೆ ಅವತ್ತು ಭಾನುವಾರ.

ಅಜ್ಜಿಯ ಕುರಿಗಳು ನನ್ನ ಹುಲಿಯನ್ನು ಬೇಗನೆ ಕಟ್ಟಿಹಾಕಿದವು. ಮಾವನ ಹುಲಿಗೆ ಉಳಿದದ್ದು ಒಂದೇ ದಾರಿ, ಎದುರಿನ ಕುರಿ. ಅದನ್ನು ಹಾರಿದರೆ ಆಟ ನಮ್ಮದು. ಹಾಳು ಅಭ್ಯಾಸ, ಮಾವ ಕೇಳಿಯೇಬಿಟ್ಟ.

"ಇದ್ಯಾವ ಕುರಿ ಅವ್ವಾ?"

"ಅದಾ? ಅದ್ಕೆ ಅವ್ವ ಇಲ್ಲ. ನಾನೇ ಸಾಕ್ದೆ."

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಮಾವ ಹುಲಿಯನ್ನು ಮುಟ್ಟಲೇ ಇಲ್ಲ. ಕೈಮುಗಿದು, "ಸೋತ್ವಿ ಅವ್ವಾ. ಏಳ್ಲಾ, ಓಗವಾ" ಎಂದ. ಅವನನ್ನು ಕಣ್ಣಲ್ಲೇ ಸುಡುತ್ತ ಎದ್ದೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಅಜ್ಜಿ ಒಳಗೆ ಕೂಗಿದಳು.

"ಕೂಸೇ, ಎಲೆ ಅಡಿಕೆ ತಟ್ಟೆ ತಕಂಡು ಬಾ. ಇವ್ರು ನಮ್ಮ ಬೀಗ್ರು."

ಈಗ ಮಾವನಿಗೆ ಕಣ್ಣು ಮಂಜು. ದಿನವೂ ನನ್ನ ಹೆಂಡತಿಯ ಜೊತೆಗೇ ಆಟ. ನನ್ನ ಹುಲಿಯನ್ನು ಗಳಿಗೆಯಲ್ಲಿ ಕಟ್ಟಿಹಾಕುವ ಇವಳು ಮಾವನ ಹುಲಿಯ ಪಕ್ಕ ಮಾತ್ರ ಯಾವಾಗಲೂ ಒಂದು ಮನೆ ಖಾಲಿ ಬಿಡುತ್ತಾಳೆ. ಮರೆತಳೇನೋ ಎಂದು ಒಮ್ಮೆ ಬೆರಳು ಮಾಡಿ ತೋರಿಸಿದೆ.

"ಗೊತ್ತದೆ, ಸುಮ್ಕಿರಿ" ಎಂದಳು ಮೆಲ್ಲಗೆ. "ಆವತ್ತು ಅವ್ರು ನನ್ನ ಮುಟ್ನಿಲ್ಲ. ಅವ್ರ ನಾನೆಂಗೆ ಕಟ್ಟಾಕ್ಲಿ?"