ಬಲಕ್ಕೆ ಬಿದ್ದ ಪೂರ್ವಸೂಚನೆ

ಕವಾಸಾಕಿ ರೋಗದ ಮಗುವಿಗೆ ಔಷಧ ನೀಡುವ ಮೊದಲು, ಆ ಔಷಧದಿಂದ ಮಗು ಗುಣವಾಗುವುದೆಂದು ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಗುಣವಾಗದ ಮಕ್ಕಳ ಮೇಲೆ ಔಷಧ ಪೋಲಾಗಬಾರದೆಂಬ ಸದುದ್ದೇಶದಿಂದ ತಿ. ನರಸೀಪುರದಲ್ಲಿ ಸ್ಥಾಪಿತವಾದ ಪೂರ್ವಸೂಚನಾ ಕೋಶದ ಮೊದಲ ನಿಯಮ ಇದು.

ನಂಜನಗೂಡಿನ ಮಕ್ಕಳ ವೈದ್ಯೆ ಸುಚೇತಾ ಈ ನಿಯಮವನ್ನು ಎರಡು ಸಲ ಓದಿದರು. ಅವರ ವಾರ್ಡಿನಲ್ಲಿ ತಗಡೂರಿನ ನಾಲ್ಕು ವರ್ಷದ ನಯನಳಿಗೆ ಅದು ಜ್ವರದ ಏಳನೆಯ ದಿನ. ಕಣ್ಣು ಕೆಂಪಾಗಿ, ತುಟಿ ಬಿರಿದು, ಅಂಗೈ ಊದಿಕೊಂಡಿತ್ತು. ಜ್ವರ ಬಂದ ಹತ್ತು ದಿನದೊಳಗೆ ಔಷಧ ರಕ್ತಕ್ಕೆ ಇಳಿಯದಿದ್ದರೆ ಹೃದಯದ ರಕ್ತನಾಳಗಳಿಗೇ ಅಪಾಯ. ಸುಚೇತಾ ರಕ್ತಪರೀಕ್ಷೆಯ ಅಂಕಿಗಳನ್ನೆಲ್ಲ ಜೋಡಿಸಿಕೊಂಡು, ಮಗುವಿನ ಅಜ್ಜಿ ಸಾಕಮ್ಮನವರನ್ನೂ ಕರೆದುಕೊಂಡು, ಔಷಧದ ದಾಸ್ತಾನಿದ್ದ ಆ ಕೋಶಕ್ಕೆ ಹೋದರು.

ಅಧೀಕ್ಷಕ ವ್ಯಾಸರಾಜರು ಕಡತ ಬಿಡಿಸಿದರು. "ಗುಣವಾಗುವ ಸಾಧ್ಯತೆ ಶೇಕಡಾ ಎಂಬತ್ತು ಅಂತ ಬರೆದಿದ್ದೀರಿ. ಇರುವುದು ಒಂದೇ ಮಗು ಅಲ್ಲವೇ ಮೇಡಂ? ಉಳಿದ ಇಪ್ಪತ್ತು ಯಾವ ಊರಿನದು?"

"ಅದಕ್ಕಿಂತ ಖಚಿತವಾಗಿ ಯಾರೂ ಹೇಳಲಾರರು ಸರ್. ಒಂದು ಡೋಸಿಗೆ ಜ್ವರ ಬಿಡದಿದ್ದರೆ ಇನ್ನೊಂದು ಕೊಡುತ್ತೇವೆ."

"ಆಗ ಪೂರ್ವಸೂಚನೆ ಸುಳ್ಳಾಯಿತಲ್ಲ! ನಮ್ಮ ಕೋಶದ ಒಂದು ಸೂಚನೆಯೂ ಇದುವರೆಗೆ ಸುಳ್ಳಾಗಿಲ್ಲ."

"ಎಷ್ಟು ಕೊಟ್ಟಿದ್ದೀರಿ?"

"ಇನ್ನೂ ಕೊಟ್ಟಿಲ್ಲ."

ಸಾಕಮ್ಮ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು. "ಸಾ, ನಾವು ಊರಮ್ಮನ್ನ ಕೇಳಿದ್ದಾಯ್ತು. ಅಮ್ಮನ ತಲೆ ಮ್ಯಾಲೆ ಊವ ಇಟ್ವಿ. ಬಲಕ್ಕೆ ಬಿದ್ರೆ ಗುಣ. ಬಲಕ್ಕೇ ಕೊಟ್ಳು ಕಣ್ರೀ."

"ಮೊದಲನೇ ಸಲಕ್ಕೇ?"

"ಇಲ್ಲ ಸಾ, ಎಲ್ಡು ಸಲ ಎಡಕ್ಕೆ ಬಿತ್ತು. ಅದು ಲೆಕ್ಕಕ್ಕಿಲ್ಲ. ಅವ್ಳು ಮೊದ್ಲು ಒಸಿ ಆಟ ಆಡ್ಸ್ತಾಳೆ. ಬಲಕ್ಕೆ ಬೀಳೋಗಂಟ ಕೇಳ್ತೀವಿ."

"ಇದುವರೆಗೆ ತಪ್ಪಿದ್ದುಂಟೇ?"

"ಅದೆಂಗ್ ತಪ್ಪುತ್ತೆ ಸಾ?"

ವ್ಯಾಸರಾಜರು ಕನ್ನಡಕ ತೆಗೆದು ಒರೆಸಿದರು. ಇಷ್ಟು ಭದ್ರವಾದ ವಿಧಾನ ಅವರ ಕೈಗೆ ಸಿಕ್ಕಿದ್ದು ಇದೇ ಮೊದಲು. 'ವಿಧಾನ: ಹೂ. ದಿಕ್ಕು: ಬಲ. ಪ್ರಯತ್ನ: ಮೂರನೆಯದು' ಎಂದು ಬರೆದು ಮೊಹರು ಒತ್ತಿದರು. ಸ್ಥಳಪುರಾಣಕ್ಕೂ ಪುರಾವೆ ಕೇಳುವ ಸ್ವಭಾವದ ಸುಚೇತಾ ಏನೋ ಹೇಳಲು ಬಾಯಿ ತೆರೆದರು. ಔಷಧದ ಐಸ್ ಪೆಟ್ಟಿಗೆ ಹೊರಗೆ ಬಂದದ್ದನ್ನು ಕಂಡು ಮುಚ್ಚಿದರು.

ಔಷಧ ಅಂದೇ ಇಳಿಯಿತು. ಎರಡು ದಿನ ಕಳೆದರೂ ಜ್ವರ ಬಿಡಲಿಲ್ಲ. ಸುಚೇತಾ ಎದೆ ಗಟ್ಟಿ ಮಾಡಿಕೊಂಡು ಕೋಶಕ್ಕೆ ಫೋನ್ ಮಾಡಿದರು.

"ಗಾಬರಿ ಬೇಡ ಮೇಡಂ," ಎಂದರು ವ್ಯಾಸರಾಜರು. "ನಿಯಮ ತಿದ್ದಿದ್ದೇವೆ. 'ಫಲ ನೀಡದ ಡೋಸನ್ನು ಎಡಕ್ಕೆ ಬಿದ್ದ ಹೂವೆಂದು ಪರಿಗಣಿಸತಕ್ಕದ್ದು, ದಾಖಲೆಗೆ ತೆಗೆದುಕೊಳ್ಳತಕ್ಕದ್ದಲ್ಲ.' ಎರಡನೆಯದು ಆಗಲೇ ಹೊರಟಿದೆ."

ಎರಡನೆಯ ಡೋಸಿಗೆ ಜ್ವರ ಬಿಟ್ಟಿತು. ಸ್ಕ್ಯಾನಿನಲ್ಲಿ ಹೃದಯಕ್ಕೆ ಯಾವ ತೊಂದರೆಯೂ ಕಾಣಲಿಲ್ಲ. ನಯನ ಇಡ್ಲಿ ಬೇಡ, ಮುದ್ದೆಯೇ ಬೇಕೆಂದು ಹಟ ಹಿಡಿದು ಇಡೀ ವಾರ್ಡನ್ನು ಎಬ್ಬಿಸಿದಳು. ಕೋಶವು ತನ್ನ ನಿಖರತೆ ನೂರಕ್ಕೆ ನೂರೆಂದು ಪ್ರಕಟಿಸಿತು.

ಮುಂದಿನ ತಿಂಗಳು ಸುತ್ತೂರಿನ ಮಗುವೊಂದು ಅದೇ ಕಾಯಿಲೆಯಿಂದ ದಾಖಲಾಯಿತು. ಸುಚೇತಾ ಅಂಕಿಗಳನ್ನು ಎಂದಿನಂತೆ ಲೆಕ್ಕ ಹಾಕಿ, ಆ ಹಾಳೆಯನ್ನು ತಮ್ಮಲ್ಲೇ ಇಟ್ಟುಕೊಂಡರು. ಯಾವ ಗುಡಿಗೂ ಹೋಗದೆ ಕೋಶದ ಫಾರಂನಲ್ಲಿ 'ಹೂ, ಬಲ, ಒಂದನೆಯ ಪ್ರಯತ್ನ' ಎಂದು ತುಂಬಿ ಕಳುಹಿಸಿದರು.

ಕೂಡಲೇ ವ್ಯಾಸರಾಜರ ಫೋನ್ ಬಂತು. "ಮೇಡಂ, ಮೊದಲನೇ ಸಲಕ್ಕೇ ಬಲ ಅಂದರೆ ಮೇಲಿನವರು ಅನುಮಾನ ಪಡುತ್ತಾರೆ."

"ಎಷ್ಟು ಹಾಕಲಿ ಸರ್?"

"ಮೂರು ಹಾಕಿ."

ಸುಚೇತಾ ಫಾರಂನಲ್ಲಿ ಮೂರು ಎಂದು ತಿದ್ದಿ, ತಿದ್ದಿದ ಕಡೆ ಸಹಿಯನ್ನೂ ಮಾಡಿ ಮತ್ತೆ ಕಳುಹಿಸಿದರು. ಔಷಧ ಊಟದ ಹೊತ್ತಿಗಿಂತ ಮೊದಲೇ ಬಂತು.