ಮೇಷ್ಟ್ರು ಹಾಕಿದ ಅಂಚು

ಜೋತುಬಿದ್ದ ದಾರ ಕಂಡರೆ ರಮಾಕಾಂತ ಮೇಷ್ಟ್ರಿಗೆ ತಡೆಯುವುದಿಲ್ಲ. ಎದುರಿಗೆ ನಿಂತವರ ಅಂಗಿಯಲ್ಲಿ ಎಳೆಯೊಂದು ಇಣುಕಿದರೆ ಸಾಕು, ಮಾತು ಅಷ್ಟಕ್ಕೇ ನಿಲ್ಲಿಸಿ, ಅದನ್ನು ಕಿತ್ತು, ಆಮೇಲೆ ಮಾತು ಮುಂದುವರಿಸುತ್ತಾರೆ. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಅಧಿಕಾರಿಯೊಬ್ಬರ ಕೋಟಿಗೆ ಹೀಗೆಯೇ ಕೈಹಾಕಿ, ಎಳೆಯ ಜೊತೆಗೆ ಜೇಬನ್ನೂ ಕಿತ್ತು ಅವರ ಕೈಗೇ ಕೊಟ್ಟಿದ್ದರು.

ಅವತ್ತು ಕ್ರಿಸ್‌ಮಸ್ಸಿನ ಹಿಂದಿನ ದಿನ, ಭಾನುವಾರ. ಅವರ ಹೆಂಡತಿ ಸರಸ್ವತಿ ತಂಗಿಯ ಜೊತೆ ಹರಕೆ ತೀರಿಸಲು ಹೊರನಾಡಿಗೆ ಹೊರಟಿದ್ದರು. ಮೂಡಿಗೆರೆಯ ಚಳಿ ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು.

"ರೀ, ಮಂಚದ ಮೇಲೆ ಶಾಲು ಇಟ್ಟಿದೀನಿ. ಪಕ್ಕದಲ್ಲೇ ಬಣ್ಣದ ಕಾಗದ ಇದೆ. ಸುತ್ತಿ, ಸಂಜೆ ಸರೋಜಮ್ಮನ ಅಂಗಡಿಗೆ ತಂದ್ಬಿಡಿ. ನಾನು ಬಸ್ ಇಳಿದು ಸೀದಾ ಅಲ್ಲಿಗೇ ಬರ್ತೀನಿ."

"ಯಾರಿಗೆ ಇದು?"

"ಅದನ್ನ ಹೇಳೋ ಹಾಗಿದ್ರೆ ಚೀಟಿ ಯಾಕೆ ಎತ್ತಬೇಕಿತ್ತು? ಬರೀ ಸುತ್ತಿ. ಬೇರೇನೂ ಮಾಡಕ್ಕೆ ಹೋಗ್ಬೇಡಿ."

ಸರೋಜಮ್ಮನ ಉಲ್ಲನ್ ಅಂಗಡಿಯಲ್ಲಿ ಸೇರುವ ಹೆಂಗಸರ ಪದ್ಧತಿ ಅದು. ದೀಪಾವಳಿ ಮುಗಿದ ಕೂಡಲೇ ಒಂದು ಬುಟ್ಟಿಯಲ್ಲಿ ಎಲ್ಲರ ಹೆಸರಿನ ಚೀಟಿ ಹಾಕಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಗುಟ್ಟಾಗಿ ಏನಾದರೂ ಹೆಣೆದು, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಕೊಡಬೇಕು. ಅವತ್ತು ಸಿಸಿಲಿಯಾ ಬಾಯಿಯ ಮನೆಯಿಂದ ಹಬ್ಬದ ಕುಸ್ವಾರ್ ತಿಂಡಿ ಬರುತ್ತದೆ. ಮತ್ತೆ ಸಂಕ್ರಾಂತಿಗೆ ಎಲ್ಲರೂ ಸೇರಿ ಎಳ್ಳುಬೆಲ್ಲ ತುಂಬುವ ಪುಟ್ಟ ಚೀಲಗಳನ್ನು ಹೆಣೆಯುತ್ತಾರೆ. ಚಳಿಗಾಲ ಪೂರ್ತಿ ಆ ಅಂಗಡಿಯಲ್ಲಿ ಕೈ ಮತ್ತು ಬಾಯಿ ಎರಡೂ ನಿಲ್ಲುವುದಿಲ್ಲ.

ಮೇಷ್ಟ್ರು ಕಾಫಿ ಕುಡಿದು, ಕಾಗದ ಹಾಸಿ, ಶಾಲನ್ನು ಮಡಿಸಿಟ್ಟರು. ಹಣ್ಣಾದ ಕಾಫಿಯ ಕೆಂಪು ಬಣ್ಣ. ಸುತ್ತಲೂ ಸರಸ್ವತಿ ವಾರಗಟ್ಟಲೆ ಕೂತು ಕ್ರೋಶಾ ಕಡ್ಡಿಯಲ್ಲಿ ಹಾಕಿದ ಅಗಲವಾದ ಅಂಚು. ಆ ಅಂಚಿನ ಮೂಲೆಯಲ್ಲಿ ಒಂದು ಎಳೆ ಜೋತಾಡುತ್ತಿತ್ತು.

ಹೊರಡುವ ಗಡಿಬಿಡಿಯಲ್ಲಿ ಸರಸ್ವತಿ ಕೊನೆಯ ಗಂಟು ಹಾಕುವುದನ್ನೇ ಮರೆತಿದ್ದರು. ಅದು ಮೇಷ್ಟ್ರಿಗೇನು ಗೊತ್ತು? ಮೆಲ್ಲಗೆ ಎಳೆದರು. ಎಳೆ ಬಂತು. ಇನ್ನಷ್ಟು ಎಳೆದರು. ಸುರ್ರನೆ ಇನ್ನಷ್ಟು ಬಂತು. ಎಳೆ ಅಂದಮೇಲೆ ಎಲ್ಲೋ ಒಂದು ಕಡೆ ಮುಗಿಯಲೇಬೇಕಲ್ಲ ಎಂಬ ನಂಬಿಕೆಯಿಂದ ಎಳೆಯುತ್ತಾ ಹೋದರು. ಎಷ್ಟೋ ವರ್ಷದಿಂದ ಮಕ್ಕಳಿಗೆ ಅನಂತ ಎಂದರೇನು ಎಂದು ಪಾಠ ಹೇಳುತ್ತಿದ್ದವರಿಗೆ ಅದು ಕೈಗೇ ಸಿಕ್ಕಿದ್ದು ಅವತ್ತು. ಗಾಬರಿಯಾಗಿ ಕತ್ತರಿ ತಂದು ಕತ್ತರಿಸಿದರು. ಕತ್ತರಿ ಬಿದ್ದದ್ದು ತಪ್ಪು ಜಾಗಕ್ಕೆ. ಈಗ ಒಂದು ತುದಿ ಇದ್ದಲ್ಲಿ ಮೂರು ತುದಿ. ಅಂಚೆಂಬ ಅಂಚೆಲ್ಲ ಕೆಂಪು ಶ್ಯಾವಿಗೆಯಾಗಿ ಮಂಚದ ತುಂಬ ಹರಡಿತು.

ಮೇಷ್ಟ್ರು ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಸರೋಜಮ್ಮನ ಅಂಗಡಿಗೆ ಓಡಿದರು. ಸರೋಜಮ್ಮ ಸ್ಟೂಲಿನ ಮೇಲೆ ನಿಂತು ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟುತ್ತಿದ್ದರು.

"ಸರೋಜಮ್ಮ, ಒಂದು ಲೆಕ್ಕ ಕೇಳ್ತೀನಿ. ಒಬ್ಬ ಮನುಷ್ಯ ಇದಾನೆ ಅಂತ ಇಟ್ಕೊಳ್ಳಿ."

"ಇಟ್ಕೊಂಡೆ."

"ಅವನ ಹೆಂಡತಿ ಒಂದು ಶಾಲು ಹೆಣೆದಿದಾಳೆ."

"ಸರಸ್ವತಿ."

"ಹೆಸರು ಬೇಡ. ಎಕ್ಸ್ ಅಂತ ಇಟ್ಕೊಳ್ಳಿ."

"ಆಯ್ತು, ಎಕ್ಸ್. ಸರಸ್ವತಿ ಶಾಲಿಗೆ ಏನು ಮಾಡಿದ್ರಿ ಮೇಷ್ಟ್ರೇ?"

ಮೇಷ್ಟ್ರು ಚೀಲ ಬಿಚ್ಚಿ ತೋರಿಸಿದರು. ಸರೋಜಮ್ಮ ಸ್ಟೂಲಿನಿಂದ ಇಳಿದು, ಅದೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು, ಅದೇ ಬಣ್ಣದ ಕೊನೆಯ ಉಂಡೆಯನ್ನು ಹುಡುಕಿ ಕೊಟ್ಟರು.

"ನಾನೇ ಹಾಕ್ಕೊಡ್ತಿದ್ದೆ. ಆದ್ರೆ ಅಂಗಡೀಲಿ ಕೂತ್ರೆ ಬಂದೋರೆಲ್ಲ ನೋಡ್ತಾರೆ. ಸಿಸಿಲಿಯಾ ಬಾಯಿ ಹತ್ರ ಹೋಗಿ. ನಾನಂತೂ ಯಾರಿಗೂ ಹೇಳಲ್ಲ, ನನ್ನಾಣೆ."

ಮೇಷ್ಟ್ರು ಏದುಸಿರು ಬಿಡುತ್ತಾ ಸಿಸಿಲಿಯಾ ಬಾಯಿಯ ಮನೆ ತಲುಪುವುದಕ್ಕೂ ಆಕೆ ಫೋನ್ ಕೆಳಗಿಡುವುದಕ್ಕೂ ಸರಿಹೋಯಿತು.

"ಬನ್ನಿ ಮೇಷ್ಟ್ರೇ. ಎಂತ, ಅಂಚು ಪೂರ್ತಿ ಬಿಚ್ಚಿ ಹೋಯ್ತಂತೆ?"

ಸಿಸಿಲಿಯಾ ಬಾಯಿಯ ಕೈಯೆಲ್ಲ ಮೈದಾ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಎದುರಿನ ತಟ್ಟೆಯಲ್ಲಿ ನಮ್ಮ ಕರ್ಜಿಕಾಯಿಯ ಅಣ್ಣತಮ್ಮನಂಥ ನೆವ್ರಿಗಳು ಸಾಲಾಗಿ ಮಲಗಿದ್ದವು. "ಇವಿಷ್ಟನ್ನ ಕರಿದು ಕೈ ತೊಳೀತೀನಿ. ಅಲ್ಲೀವರೆಗೆ ನೀವು ಅಂಚು ಒತ್ತಿ ಕೊಡಿ, ಬೇಗ ಆಗ್ತದೆ" ಎಂದರು. ಇಲ್ಲ ಎನ್ನುವ ಸ್ಥಿತಿಯಲ್ಲಿ ಮೇಷ್ಟ್ರಿರಲಿಲ್ಲ. ಅವರು ಒತ್ತಿದ ನೆವ್ರಿಗಳು ಎಣ್ಣೆಗೆ ಬಿದ್ದ ಕೂಡಲೇ ಬಾಯಿ ಬಿಟ್ಟವು. ಎಣ್ಣೆಯ ತುಂಬ ಎಳ್ಳು, ಕೊಬ್ಬರಿ ತೇಲಿತು.

"ಅಯ್ಯೋ ದೇವ್ರೇ, ನಿಮ್ಮ ಕೈಗೆ ಸಿಕ್ಕಿದ್ದೆಲ್ಲ ಬಿಚ್ಚಿಕೊಳ್ತದಲ್ಲ ಮಾರಾಯ್ರೇ!"

ಈ ಗಲಾಟೆಯಲ್ಲಿ ಜಗಲಿಯ ಮೇಲಿಟ್ಟ ಚೀಲಕ್ಕೆ ಮನೆಯ ನಾಯಿ ಮೂತಿ ಹಾಕಿತು. ಇಬ್ಬರೂ ಹೊರಗೆ ಬಂದು ನೋಡುವಷ್ಟರಲ್ಲಿ ಅದು ಶಾಲಿನ ಮೂಲೆ ಕಚ್ಚಿಕೊಂಡು, ಕಾಫಿ ಹಣ್ಣು ಒಣಹಾಕಿದ್ದ ಕಣದ ನಡುವೆ ರಾಜಕುಮಾರಿಯ ಹಾಗೆ ಸೆರಗು ಎಳೆಯುತ್ತಾ ಓಡುತ್ತಿತ್ತು. ಮೇಷ್ಟ್ರು ಹಿಂದೆ ಓಡಿ, ಹಣ್ಣಿನ ಮೇಲೆ ಜಾರಿ, ಕೂತ ಭಂಗಿಯಲ್ಲೇ ನಾಯಿಯನ್ನು ಹಿಡಿದರು.

ಶಾಲಿಗೆ ಸೋಪು ಹಾಕಿ ತೊಳೆದದ್ದಾಯಿತು. ಸಿಸಿಲಿಯಾ ಬಾಯಿ ಹಿಂಡಿಕೊಟ್ಟು, "ಇನ್ನು ಇದು ನನ್ನಿಂದಾಗ್ಲಿಕ್ಕಿಲ್ಲ. ಸಂಜೆಯೊಳಗೆ ಮುಗಿಸೋ ಕೈ ಒಂದೇ, ರುಕ್ಮಿಣಮ್ಮನೋರದ್ದು. ಬಾಯಿ ಸ್ವಲ್ಪ ಜೋರು. ಯಾರ ಕೆಲಸವನ್ನೂ ಇವತ್ತಿನವರೆಗೆ ಚೆನ್ನಾಗಿದೆ ಅಂದೋರಲ್ಲ. ಏನಂದ್ರೂ ಸುಮ್ನೆ ಕೇಳಿಸ್ಕೊಳ್ಳಿ" ಎಂದರು.

ರುಕ್ಮಿಣಮ್ಮನ ತೋಟ ಊರಿಂದ ದೂರ. ಆಟೊ ದಾಸಯ್ಯ ಸಿಕ್ಕಿದ. ಒದ್ದೆ ಶಾಲು ಒಣಗಬೇಕಲ್ಲ, ಮೇಷ್ಟ್ರು ಅದರ ಎರಡು ಮೂಲೆ ಹಿಡಿದು ಆಟೊದಿಂದ ಹೊರಗೆ ಚಾಚಿದರು. ಗಾಳಿಗೆ ಅದು ಪಟಪಟ ಹಾರಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡಿದರು. ಒಬ್ಬ ಕೈ ಮುಷ್ಟಿ ಮಾಡಿ ಜಿಂದಾಬಾದ್ ಎಂದ.

"ಮೇಷ್ಟ್ರೇ, ನೀವು ಯಾವಾಗ ಪಾರ್ಟಿ ಸೇರಿದ್ದು?" ದಾಸಯ್ಯ ಕೇಳಿದ.

"ನೀನು ಮುಂದೆ ನೋಡ್ಕೊಂಡು ಓಡ್ಸು ಮಾರಾಯ."

ತೋಟದೊಳಗೆ ನೆಟ್‌ವರ್ಕ್ ಇರಲಿಲ್ಲ. ಹಾಗಾಗಿ ಸರೋಜಮ್ಮನ ಫೋನು ರುಕ್ಮಿಣಮ್ಮನಿಗೆ ಮುಟ್ಟಿರಲಿಲ್ಲ. ಹಣ್ಣು ಕೊಯ್ಯುವ ಕಾಲ ಬೇರೆ, ಕೂಲಿ ಹೆಚ್ಚಿಸಿ ಎಂಬ ಗಲಾಟೆ ಏಳುವ ಹೊತ್ತು. ಕೆಂಪು ಬಾವುಟ ಹಾರಿಸಿಕೊಂಡು ಬರುವ ಆಟೊವನ್ನು ಗೇಟಿನಲ್ಲಿ ಕಂಡ, ತೋಟದ ಲೆಕ್ಕ ಬರೆಯುವ ರೈಟರ್, ಚಪ್ಪಲಿ ಅಲ್ಲೇ ಬಿಟ್ಟು ಬಂಗಲೆಗೆ ಓಡಿದ. "ಅಮ್ಮಾ, ಯೂನಿಯನ್ನೋರು ಬಂದ್ರು!"

ರುಕ್ಮಿಣಮ್ಮ ಕನ್ನಡಕ ಏರಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಲಿಯ ನಡುಮಧ್ಯೆ ಬಂದು ನಿಂತರು. "ಹೇಳಿ, ಏನು ನಿಮ್ಮ ಬೇಡಿಕೆ?"

"ಅಂಚು" ಎಂದರು ಮೇಷ್ಟ್ರು.

ವಿಷಯ ತಿಳಿದ ಮೇಲೆ ರುಕ್ಮಿಣಮ್ಮ ಶಾಲನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹೆಗ್ಗಣವನ್ನು ನೋಡುವ ಹಾಗೆ ನೋಡಿದರು. "ಇದು ಯಾರು ಆರಿಸಿದ ಬಣ್ಣ? ವರ್ಷವಿಡೀ ಈ ಬಣ್ಣ ಗಿಡದಲ್ಲಿ ನೋಡೋದು ಸಾಲ್ದು ಅಂತ ಮೈಮೇಲೂ ಹಾಕ್ಕೋಬೇಕಾ? ಹೆಣಿಗೆ ನೋಡು, ಒಂದ್ಕಡೆ ಬಿಗಿ, ಒಂದ್ಕಡೆ ಸಡಿಲ. ಯಾರಿಗಂತೆ ಇದು?"

"ನಂಗೊತ್ತಿಲ್ಲ. ಸರಸ್ವತಿ ಹೇಳ್ಲಿಲ್ಲ."

"ಪಾಪ, ಯಾರ ಗ್ರಹಚಾರವೋ. ಕೂತ್ಕೊಳ್ಳಿ. ಊಟ ಆಗಿದೆಯಾ? ಇಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ."

ಬೈಯುತ್ತಲೇ ಕಡುಬು ಬಡಿಸಿದರು. ಬೈಯುತ್ತಲೇ ಕಡ್ಡಿ ಹಿಡಿದರು. ಸಿಕ್ಕಾದ ಉಲ್ಲನ್ನನ್ನು ಮೇಷ್ಟ್ರ ಎರಡೂ ಕೈಗೆ ತೊಡಿಸಿ, ಅಲ್ಲಾಡಬೇಡಿ ಎಂದರು. ಮೇಷ್ಟ್ರು ಕೈಕೋಳ ಹಾಕಿಸಿಕೊಂಡವರಂತೆ ಕೂತರು. ಮೂಗು ತುರಿಸಿತು. ತುರಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ಆ ವಯಸ್ಸಾದ ಬೆರಳುಗಳು ಓಡುವುದನ್ನು ನೋಡುತ್ತಾ ಮೂಗಿನ ನೆನಪೂ ಹೋಯಿತು. ಕಡ್ಡಿಯ ತುದಿಯಲ್ಲಿ ಚಿಪ್ಪಿನ ಮೇಲೆ ಚಿಪ್ಪು ಮೂಡಿತು, ಚಿಪ್ಪಿನೊಳಗೊಂದು ಮೊಗ್ಗು.

"ನನ್ನ ಮಾಮೂಲಿ ಅಂಚು ಹಾಕಿದ್ರೆ ನಿಮ್ಮ ಹೆಂಡ್ತಿ ಕಂಡುಹಿಡಿದುಬಿಡ್ತಾಳೆ. ಇದು ನಮ್ಮತ್ತೆ ಕಲಿಸಿದ್ದು. ಇಲ್ಲೀವರೆಗೆ ಯಾರಿಗೂ ತೋರಿಸಿಲ್ಲ. ಕೇಳಿದ್ರೆ ನೀವೇನಾದ್ರೂ ಹೇಳ್ಕೊಳ್ಳಿ. ನನ್ನ ಬಾಯಿಂದಂತೂ ಮಾತು ಹೊರಗೆ ಬರಲ್ಲ."

ಬಿಸಿಲು ಇಳಿಯುವಷ್ಟರಲ್ಲಿ ಅಂಚು ಮುಗಿದಿತ್ತು. ಮೇಷ್ಟ್ರು ಶಾಲನ್ನು ಕಾಗದದಲ್ಲಿ ಸುತ್ತಿ, ತಾವೂ ಅಂಗಡಿಗೆ ಹೊರಟಿದ್ದ ರುಕ್ಮಿಣಮ್ಮನ ಜೀಪಿನಲ್ಲೇ ಊರಿಗೆ ಬಂದು, ಜೊತೆಗೆ ಬಂದದ್ದು ಯಾರಿಗೂ ಕಾಣದಿರಲೆಂದು ಅಂಗಡಿಗಿಂತ ಸ್ವಲ್ಪ ಮೊದಲೇ ಇಳಿದುಕೊಂಡರು.

ಅಂಗಡಿಯಲ್ಲಿ ನಕ್ಷತ್ರದ ಒಳಗೆ ದೀಪ ಉರಿಯುತ್ತಿತ್ತು. ಶುಂಠಿ ಕಾಫಿಯ ಹಬೆ, ನೆವ್ರಿಯ ಘಮ. ಅದರಲ್ಲಿ ಬಾಯಿ ಬಿಟ್ಟ ನೆವ್ರಿಗಳನ್ನು ಮಾತ್ರ ಒಂದು ಬೇರೆ ತಟ್ಟೆಯಲ್ಲಿಟ್ಟು, ಸಿಸಿಲಿಯಾ ಬಾಯಿ ಮೇಷ್ಟ್ರ ಮುಂದೆ ತಂದಿಟ್ಟರು. ಸರಸ್ವತಿ ಹೊರನಾಡಿನ ಕುಂಕುಮವನ್ನು ಎಲ್ಲರಿಗೂ ಹಚ್ಚಿ, ಗಂಡನ ಕೈಯಿಂದ ಪೊಟ್ಟಣ ತೆಗೆದುಕೊಂಡರು. ಒಬ್ಬೊಬ್ಬರಾಗಿ ಕೊಡುವ ಶಾಸ್ತ್ರ ಶುರುವಾಯಿತು. ಸರಸ್ವತಿಯ ಸರದಿ ಬಂತು. ಅವರು ಎದ್ದು, ಅಂಗಡಿಯ ನಡುವೆ ಹಾದು, ಸೀದಾ ಹೋಗಿ ರುಕ್ಮಿಣಮ್ಮನ ಮಡಿಲಲ್ಲಿ ಪೊಟ್ಟಣವಿಟ್ಟರು.

ಮೇಷ್ಟ್ರ ಗಂಟಲಲ್ಲಿ ನೆವ್ರಿ ನಿಂತಿತು.

ರುಕ್ಮಿಣಮ್ಮ ಕಾಗದ ಬಿಚ್ಚಿದರು. ತಮ್ಮದೇ ಅಂಚು ತಮ್ಮನ್ನು ನೋಡುತ್ತಿತ್ತು. ಸರೋಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಿಸಿಲಿಯಾ ಬಾಯಿ ಇದ್ದಕ್ಕಿದ್ದಂತೆ ಕಪ್ಪುಗಳನ್ನು ಒರೆಸತೊಡಗಿದರು.

"ಹೇಗಿದೆ ಅಮ್ಮಾ?" ಸರಸ್ವತಿ ಅಳುಕುತ್ತಾ ಕೇಳಿದರು. "ನಿಮಗೆ ಹಿಡಿಸಲ್ಲ ಅಂತ ಗೊತ್ತು. ಆದ್ರೂ ಚೀಟಿ ನಿಮ್ಮ ಹೆಸರಿಗೇ ಬಂತು. ಚಳೀಲಿ ಜಗಲಿ ಮೇಲೆ ಕೂರ್ತೀರಲ್ಲ, ದೂರದಿಂದ ಕಾಣ್ಲಿ ಅಂತ ಈ ಬಣ್ಣ ತಗೊಂಡೆ."

ರುಕ್ಮಿಣಮ್ಮ ಬಾಯಿ ತೆರೆದರು. ಬಣ್ಣ ನೋಡಿದರು, ಸರಸ್ವತಿಯ ಮುಖ ನೋಡಿದರು, ಬಾಯಿ ಮುಚ್ಚಿದರು. ಬೆರಳು ಅಂಚಿನ ಮೇಲೆ ಹೋಗಿ ನಿಂತಿತು.

"ಅಂಚು ಬಹಳ ಚೆನ್ನಾಗಿದೆ" ಎಂದರು. ಆ ಮಾತಿನಲ್ಲಿ ಸುಳ್ಳು ಒಂದೆಳೆಯೂ ಇರಲಿಲ್ಲ. "ಇಂಥ ಅಂಚು ಈ ಊರಲ್ಲಿ ಯಾರೂ ಹಾಕಿಲ್ಲ." ಆಮೇಲೆ ಸ್ವಲ್ಪ ತಡೆದು, ಶಾಲನ್ನು ಹೊದ್ದುಕೊಂಡು, "ಬೆಚ್ಚಗಿದೆ ಕಣೇ ಸರಸ್ವತಿ" ಎಂದರು. ಅದೂ ಸುಳ್ಳಿನ ದನಿಯಾಗಿರಲಿಲ್ಲ.

ರುಕ್ಮಿಣಮ್ಮನ ಬಾಯಿಂದ ಹೊಗಳಿಕೆ! ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಮೇಷ್ಟ್ರು ನೆವ್ರಿ ನುಂಗಿದರು. ಬದುಕಿದೆ ಎನ್ನುವಷ್ಟರಲ್ಲಿ ಸರಸ್ವತಿ ಬಗ್ಗಿ ಅಂಚನ್ನು ನೋಡಿದರು. ಇನ್ನೊಂದು ಸಲ ನೋಡಿದರು. ತಿರುಗಿ ಗಂಡನನ್ನು ನೋಡಿದರು. ಗಂಡನ ಕಿವಿಯ ಹಿಂದೆ ಕೆಂಪು ಉಲ್ಲನ್ನಿನ ಚೂರೊಂದು ಅಂಟಿತ್ತು.

"ಈ ಹೊಗಳಿಕೆ ನಾನು ತಗೊಳ್ಳೋ ಹಾಗಿಲ್ಲ" ಎಂದರು ಸರಸ್ವತಿ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಈ ಅಂಚು ನಾನು ಹಾಕಿದ್ದಲ್ಲ. ನಂದು ಸಾಧಾರಣದ್ದಿತ್ತು. ಬೆಳಗ್ಗೆಯಿಂದ ಶಾಲು ಇದ್ದದ್ದು ಇವರೊಬ್ಬರ ಹತ್ರ." ಅವರ ಕಣ್ಣು ತುಂಬಿತು. "ಇದು ಯಾರಿಗೆ ಅಂತ ಹೇಗೋ ಊಹಿಸಿ, ನಾನು ರುಕ್ಮಿಣಮ್ಮನೋರ ಹತ್ರ ಬೈಸ್ಕೋಬಾರ್ದು ಅಂತ, ನನ್ನ ಅಂಚು ಬಿಚ್ಚಿ, ದಿನವಿಡೀ ಕೂತು ಇವರೇ ಹೊಸದು ಹಾಕಿದಾರೆ! ಇಷ್ಟು ವರ್ಷ ಸಂಸಾರ ಮಾಡಿದ್ರೂ ನನಗೆ ಗೊತ್ತೇ ಇರ್ಲಿಲ್ಲ, ಇವರಿಗೆ ಕ್ರೋಶಾ ಬರುತ್ತೆ ಅಂತ."

ಚಪ್ಪಾಳೆ ಈ ಸಲ ಬೀದಿಯವರೆಗೂ ಕೇಳಿಸಿತು. ಮೇಷ್ಟ್ರು ದೀನರಾಗಿ ಸರೋಜಮ್ಮನನ್ನು ನೋಡಿದರು. ಅವರು ನಕ್ಷತ್ರ ನೋಡುತ್ತಿದ್ದರು. ಸಿಸಿಲಿಯಾ ಬಾಯಿಯನ್ನು ನೋಡಿದರು. ಅವರ ಭುಜ ನಗುವಿಗೆ ಕುಣಿಯುತ್ತಿತ್ತು. ಕೊನೆಗೆ ರುಕ್ಮಿಣಮ್ಮನನ್ನು ನೋಡಿದರು.

"ನಾನೇನೂ ಹೇಳಲ್ಲಪ್ಪ" ಎಂದು ರುಕ್ಮಿಣಮ್ಮ ಶಾಲನ್ನು ಸರಿಮಾಡಿಕೊಂಡರು. "ಒಂದು ಮಾತು ಮಾತ್ರ. ಇಂಥ ಕೈ ಇರೋವಾಗ ಸಂಕ್ರಾಂತಿ ಚೀಲಗಳಿಗೆಲ್ಲ ಇದೇ ಅಂಚು ಇರ್ಲಿ. ಮೇಷ್ಟ್ರೇ ಹಾಕ್ಲಿ."

ಎಲ್ಲರೂ ಒಪ್ಪಿದರು. ಸರೋಜಮ್ಮ ಉಲ್ಲನ್ನಿನ ಒಂದು ದೊಡ್ಡ ಮೂಟೆಯನ್ನೇ ಕಟ್ಟಿ ಮೇಷ್ಟ್ರ ತೋಳಿಗೆ ತೂಗುಹಾಕಿದರು.

ಮನೆಗೆ ನಡೆದು ಬರುವಾಗ ಸರಸ್ವತಿ ಗಂಡನ ಪಕ್ಕಕ್ಕೇ ಒತ್ತಿಕೊಂಡು ನಡೆದರು. ಚಳಿಗೋ, ಹೆಮ್ಮೆಗೋ, ಅಂತೂ ಅವರ ಮುಖ ಹೊಳೆಯುತ್ತಿತ್ತು. ನಿಜ ಹೇಳಿಬಿಡೋಣ ಎಂದು ಮೇಷ್ಟ್ರು ತಿರುವಿನಲ್ಲೊಮ್ಮೆ, ದೀಪದ ಕಂಬದ ಕೆಳಗೊಮ್ಮೆ ಬಾಯಿ ತೆರೆದರು. ಎರಡು ಸಲವೂ ಆ ಮುಖ ನೋಡಿ, ಮೂಟೆಯನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿ ಮುಂದೆ ನಡೆದರು.

ಊಟವಾಯಿತು. ಸರಸ್ವತಿ ಚಾಪೆ ಹಾಸಿ, ದೀಪ ಹತ್ತಿರಕ್ಕೆ ಎಳೆದುಕೊಂಡು, ಹೊಸ ವಿದ್ಯಾರ್ಥಿನಿಯ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ಕ್ರೋಶಾ ಕಡ್ಡಿಯನ್ನು ತಾವು ಹಿಡಿದು, ಇನ್ನೊಂದನ್ನು ಗಂಡನ ಕೈಗಿಟ್ಟರು.

"ರೀ, ಆ ಚಿಪ್ಪಿನೊಳಗೆ ಮೊಗ್ಗು ಬರುತ್ತಲ್ಲ, ಅದೆಷ್ಟು ಚೆನ್ನಾಗಿದೆ. ಎಲ್ಲಿಂದ ಶುರು ಮಾಡಿದ್ರಿ? ನಿಧಾನಕ್ಕೆ ತೋರಿಸಿ, ನಾನು ನೋಡ್ಕೊಂಡು ಹಾಕ್ತೀನಿ."